ಇಬ್ಬರಿಗೆ ಒಂದೇ ಆಟ

ಪಕ್ಕದ ಟಯರ್ ಅಂಗಡಿಯ ಗಾಳಿ ಯಂತ್ರ ಬೆಳಿಗ್ಗೆ ಬಾಗಿಲು ತೆರೆದೊಡನೆ ಧಡಧಡ ಎನ್ನಲು ಶುರುಮಾಡುತ್ತದೆ. ಹೊಟ್ಟೆ ತುಂಬಿದ ಮೇಲೆ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು ತಟ್ಟನೆ ಸುಮ್ಮನಾಗುತ್ತದೆ. ಅದು ಓಡುತ್ತಿರುವಷ್ಟು ಹೊತ್ತು ಗೋಡೆಯ ಈಚೆಗಿನ ಮನೆಯಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರು ಮಾತಾಡುತ್ತಿಲ್ಲ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅದು ನಿಂತಾಗಲೇ ತೊಂದರೆ. ಆಗ ಅಡುಗೆಮನೆಯಲ್ಲಿ ಚಮಚ ಇಟ್ಟ ಸದ್ದು ನಡುಮನೆಗೆ ಕೇಳುತ್ತದೆ, ನಡುಮನೆಯಲ್ಲಿ ಕುರ್ಚಿ ಎಳೆದ ಸದ್ದು ಮುಂದಿನ ಅಂಗಡಿಕೋಣೆಗೆ ಕೇಳುತ್ತದೆ. ಆ ಎರಡು ಸದ್ದುಗಳ ನಡುವೆ ಒಂದು ಮಾತೂ ಇಲ್ಲ ಎಂಬುದು ಜೆರಾಕ್ಸ್ ಮಾಡಿಸಲು ಬಂದು ನಿಂತ ಗಿರಾಕಿಗೂ ತಿಳಿದುಬಿಡುತ್ತದೆ.

ಆ ಮನೆಯಲ್ಲಿರುವುದು ಅಕ್ಕ ತಂಗಿ ಇಬ್ಬರೇ. ಬೀದಿಯವರ ಬಾಯಲ್ಲಿ ಅವರು ದೊಡ್ಡ ಟೈಪು, ಚಿಕ್ಕ ಟೈಪು. ಒಂದು ಕಾಲಕ್ಕೆ ಮುಂದಿನ ಕೋಣೆ ಟೈಪಿಂಗ್ ಸೆಂಟರ್ ಆಗಿತ್ತು. ಈಗ ಜೆರಾಕ್ಸ್ ಯಂತ್ರವೂ ಲ್ಯಾಮಿನೇಶನ್ ಪೆಟ್ಟಿಗೆಯೂ ಬಂದು ಕೂತಿವೆ, ಹಳೆಯ ಹೆಸರು ಮಾತ್ರ ಇಬ್ಬರಿಗೂ ಅಂಟಿಕೊಂಡೇ ಇದೆ. ಆಗ ಕಾಲೇಜಿನವರ ಪ್ರಬಂಧ, ವಕೀಲರ ಕಾಗದ, ಕೆಲಸಕ್ಕೆ ಹಾಕುವ ಅರ್ಜಿ, ಏನೇ ಬಂದರೂ ಚಿಕ್ಕವಳು ಕೈಬರಹ ನೋಡಿ ಗಟ್ಟಿಯಾಗಿ ಓದುವುದು, ದೊಡ್ಡವಳು ಕೀಲಿಮಣೆಯ ಕಡೆ ನೋಡದೆ ಹೊಡೆಯುವುದು. ಸಾಲು ಮುಗಿದಾಗ ದೊಡ್ಡವಳು ‘ಹೂಂ’ ಎಂದರೆ ಮುಂದಿನ ಸಾಲು. ಓದುವವಳಿಗೆ ಇದ್ದದ್ದು ಒಂದೇ ಕಟ್ಟುಪಾಡು. ಬರೆದವನು ತಪ್ಪು ಬರೆದಿರಲಿ, ಪೆದ್ದುಪೆದ್ದಾಗಿ ಬರೆದಿರಲಿ, ಇದ್ದದ್ದನ್ನು ಇದ್ದ ಹಾಗೆ ಓದಬೇಕು. ತನ್ನದೊಂದು ಅಕ್ಷರ ಸೇರಿಸಬಾರದು.

‘ನಿನ್ನ ಬುದ್ಧಿವಂತಿಕೆ ನಿನ್ನ ಹತ್ರಾನೇ ಇಟ್ಕೋ ಮಾರಾಯ್ತಿ, ನನಗೆ ಹಾಳೇಲಿ ಇರೋದು ಕೊಡು’ ಎಂದು ದೊಡ್ಡವಳು ಆಗಾಗ ಗದರುತ್ತಿದ್ದಳು.

ಆಟ ಬಂದದ್ದೂ ಆ ಕೆಲಸದ ಜೊತೆಗೇ. ಯಾರೋ ವಿದ್ಯಾರ್ಥಿ ತನ್ನ ಪ್ರಬಂಧವಿದೆ ಎಂದು ಒಂದು ಸಿ.ಡಿ. ಕೊಟ್ಟುಹೋದ. ತೆರೆದು ನೋಡಿದರೆ ಪ್ರಬಂಧದ ಬದಲು ಕತ್ತಿ ಹಿಡಿದ ಮಂದಿ. ಅವನು ತಪ್ಪು ಸಿ.ಡಿ. ಕೊಟ್ಟಿದ್ದ, ಮತ್ತೆ ಈ ಕಡೆ ತಲೆಹಾಕಲಿಲ್ಲ. ಪರೀಕ್ಷೆ ಮುಗಿದು ಕೆಲಸ ಇಲ್ಲದ ದಿನಗಳು. ಸುಮ್ಮನೆ ನೋಡೋಣ ಎಂದು ಅಕ್ಕ ತಂಗಿ ಕೂತರು. ಕೂತವರು ಎದ್ದದ್ದು ಅಮ್ಮ ಬಂದು ‘ಒಲೆ ಮೇಲಿನ ಹಾಲು ಉಕ್ಕಿ ಹರಿದು ಬೀದಿಗೆ ಹೋಯ್ತು, ಹೋಗಿ ಹಿಡ್ಕೊಂಡು ಬನ್ನಿ’ ಎಂದಾಗ.

ಕಥೆ ಏನೂ ಅಂಥ ದೊಡ್ಡದಲ್ಲ. ಒಂದು ರಾಜ್ಯದಲ್ಲಿ ನದಿಯ ನೀರು ಕಪ್ಪಾಗಿದೆ. ನೀರಿನಡಿಯಲ್ಲಿ ಮುಳುಗಿದ ಕೋಟೆಯೊಂದರಲ್ಲಿ ರಾಜ ಮಲಗಿದ್ದಾನೆ. ಅವನನ್ನು ಎಬ್ಬಿಸಬೇಕೋ ಕೊಲ್ಲಬೇಕೋ ಎಂಬುದು ಗೊತ್ತಿಲ್ಲದ ಒಂದಷ್ಟು ಮಂದಿ ಅಲ್ಲಿಗೆ ಹೊರಟಿದ್ದಾರೆ. ಅವರಲ್ಲಿ ಮಾಟಗಾತಿ ದೊಡ್ಡವಳ ಪಾಲಿನವಳು, ಕಳ್ಳಿ ಚಿಕ್ಕವಳ ಪಾಲಿನವಳು. ಸದಾ ಗೊಣಗುವ ಕುಳ್ಳ ಯೋಧನೊಬ್ಬನಿದ್ದ, ಅವನು ಅಮ್ಮನಿಗೆ ಅಚ್ಚುಮೆಚ್ಚು. ಪರದೆಯ ಮೇಲಿನ ಇಂಗ್ಲಿಷನ್ನು ಚಿಕ್ಕವಳು ಮನೆಮಾತಿಗೆ ತಿರುಗಿಸಿ ಓದುತ್ತಿದ್ದಳು. ಅಮ್ಮ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತ ಕೇಳುತ್ತಿದ್ದಳು.

‘ಆ ಕುಳ್ಳನಿಗೆ ಇನ್ನೂ ಮದುವೆ ಆಗಿಲ್ವಾ?’

‘ಆಗಿಲ್ಲಮ್ಮ. ನೋಡೋಕೆ ಹೋದ ಕಡೆಯಲ್ಲೆಲ್ಲ ಕೊಡಲಿ ತಗೊಂಡು ಹೋಗ್ತಾನೆ.’

‘ಮತ್ತೆ ನಿಮಗ್ಯಾಕೆ ಆಗಿಲ್ಲ? ನಿಮ್ಮ ಹತ್ರ ಕೊಡಲಿಯೂ ಇಲ್ಲ.’

ಮುಖಗಳು ಅಂಚೆಚೀಟಿಯಷ್ಟೇ ಇದ್ದವು, ಮರಗಳೆಲ್ಲ ಒಂದೇ ಅಚ್ಚಿನವು. ಉಳಿದದ್ದೆಲ್ಲ ಬರಹದಲ್ಲಿತ್ತು. ಯಾರಾದರೂ ಏನಾದರೂ ಕೇಳಿದರೆ ಕೆಳಗೆ ಒಂದು, ಎರಡು, ಮೂರು ಎಂದು ಉತ್ತರಗಳು ಬರುತ್ತಿದ್ದವು. ಯಾವುದು ಹೇಳಿದೆ ಎಂಬುದರ ಮೇಲೆ ಮುಂದಿನ ಊರಿನ ಬಾಗಿಲು ತೆರೆಯುವುದೋ ಮುಚ್ಚುವುದೋ ನಿಂತಿತ್ತು. ಬಹಳ ವರ್ಷಗಳ ನಂತರ ಅಣ್ಣನ ಮಗಳು ಹೊಸ ಆಟವೊಂದನ್ನು ತಂದು ತೋರಿಸಿದ್ದಳು. ಅದರಲ್ಲಿ ಮನುಷ್ಯರ ಮುಖದ ಬೆವರೂ ಕಾಣುತ್ತಿತ್ತು. ದೊಡ್ಡವಳು ಸ್ವಲ್ಪ ಹೊತ್ತು ನೋಡಿ, ‘ಚೆನ್ನಾಗಿದೆ ಪುಟ್ಟಿ. ಆದ್ರೆ ಎಲ್ಲಾ ಅವರೇ ತೋರಿಸಿಬಿಟ್ರೆ ನಾವು ಏನು ಮಾಡೋದು, ಸುಮ್ನೆ ಬಾಯಿ ಬಿಟ್ಕೊಂಡು ಕೂರೋದಾ?’ ಎಂದಳು. ಹಳೆಯದರಲ್ಲಿ ಮಾಟಗಾತಿಯ ನಗು ಹೇಗಿದೆಯೆಂದು ಯಾರೂ ತೋರಿಸಿರಲಿಲ್ಲ. ಆದ್ದರಿಂದ ಅದು ಅಕ್ಕನ ನಗುವೇ ಆಗಿತ್ತು. ರಾಜನನ್ನು ಒಮ್ಮೆ ಎಬ್ಬಿಸಿದರು, ಒಮ್ಮೆ ಕೊಂದರು, ಮತ್ತೆ ಮೊದಲಿನಿಂದ ಶುರುಮಾಡಿದರು. ಆಟ ಎಲ್ಲಿಗೆ ನಿಂತಿದೆ ಎಂಬ ಗುರುತನ್ನು ಮಾತ್ರ ಒಂದೇ ಒಂದು ಇಟ್ಟುಕೊಂಡಿದ್ದರು. ಬೇರೆ ಬೇರೆ ಇಟ್ಟುಕೊಂಡರೆ ಒಬ್ಬಳು ಇನ್ನೊಬ್ಬಳನ್ನು ಬಿಟ್ಟು ಮುಂದೆ ಹೋಗಿಬಿಡುತ್ತಾಳೆ ಎಂಬುದು ಇಬ್ಬರ ಅನುಮಾನ.

ಆಮೇಲೆ ಅಮ್ಮ ಆಸ್ಪತ್ರೆ ಸೇರಿದಳು.

ದೊಡ್ಡವಳು ಆ ದಿನ ಬೇರೆ ಊರಿನಲ್ಲಿದ್ದಳು. ಅಲ್ಲಿ ಟೈಪಿಂಗ್ ಪರೀಕ್ಷೆ, ಇವಳು ಮೇಲ್ವಿಚಾರಕಿ. ಹೋಗುವಾಗ ಅಮ್ಮ ಎದ್ದು ಕೂತು ಚಹಾ ಕುಡಿದಿದ್ದಳು. ಮಧ್ಯಾಹ್ನಕ್ಕೆ ಉಸಿರು ಕೆಟ್ಟಿತು. ಡಾಕ್ಟರು ಚಿಕ್ಕವಳನ್ನು ಹೊರಗೆ ಕರೆದು, ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಾಕೋಣವೋ ಬೇಡವೋ ಎಂದು ಕೇಳಿದರು. ಅಣ್ಣ ಬದುಕಿರಲಿಲ್ಲ. ಹೇಳುವವಳು ಇವಳೊಬ್ಬಳೇ. ಇವಳು ಬೇಡ ಎಂದಳು. ಸಂಜೆ ಬಸ್ಸಿಳಿದು ಓಡುತ್ತ ಬಂದ ದೊಡ್ಡವಳು ನೋಡಿದ್ದು ಹೊದಿಕೆ ಎಳೆದ ಹಾಸಿಗೆಯನ್ನು. ಆಸ್ಪತ್ರೆಯ ಓಣಿಯಲ್ಲೇ ನಿಂತು ಒಂದು ಮಾತು ಕೇಳಿದಳು. ‘ನಾನು ಬರೋವರೆಗಾದ್ರೂ ತಡೀಬಾರ್ದಿತ್ತಾ?’

ಚಿಕ್ಕವಳು ಬಾಯಿ ಬಿಡಲಿಲ್ಲ. ಹೇಳಬೇಕಾದದ್ದು ಇತ್ತು. ಒಂದು ದಿನ ಕಳೆದರೆ ಹೇಳಬಹುದು ಅಂದುಕೊಂಡಳು, ಒಂದು ತಿಂಗಳು ಕಳೆದರೆ ಎಂದುಕೊಂಡಳು. ಅಷ್ಟರಲ್ಲಿ ದೊಡ್ಡವಳು ಮಾತು ನಿಲ್ಲಿಸಿಬಿಟ್ಟಿದ್ದಳು. ಕಿರುಚಾಟವಿಲ್ಲ, ಪಾತ್ರೆ ಎಸೆದದ್ದಿಲ್ಲ. ಅಡುಗೆ ಒಂದೇ, ಊಟದ ಹೊತ್ತು ಮಾತ್ರ ಬೇರೆ. ಹೇಳಲೇಬೇಕಾದದ್ದನ್ನು ಗೋಡೆಗೆ ಹೇಳುವುದು. ‘ಗ್ಯಾಸ್ ಮುಗಿದಿದೆ’ ಎಂದು ದೊಡ್ಡವಳು ಕಿಟಕಿಗೆ ಹೇಳಿದರೆ, ಚಿಕ್ಕವಳು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಭಾನುವಾರ ಬರುವ ಅಣ್ಣನ ಮಗಳಿಗೆ ಇದೇ ಕೆಲಸವಾಯಿತು. ‘ದೊಡ್ಡತ್ತೆ, ಚಿಕ್ಕತ್ತೆ ಹೇಳ್ತಿದಾರೆ ನಲ್ಲಿ ಸೋರ್ತಿದೆಯಂತೆ. ಚಿಕ್ಕತ್ತೆ, ದೊಡ್ಡತ್ತೆ ಹೇಳ್ತಿದಾರೆ ಗೊತ್ತಿದೆಯಂತೆ. ನನಗೆ ಸಂಬಳ ಕೊಡಿ, ನಾನೇನು ಅಂಚೆ ಇಲಾಖೆನಾ?’

ಆಟ ಮಾತ್ರ ನಿಲ್ಲಲಿಲ್ಲ. ಅದನ್ನು ಯಾರು ಮೊದಲು ಮತ್ತೆ ತೆರೆದರು ಎಂಬುದು ಇಬ್ಬರಿಗೂ ಗೊತ್ತು, ಇಬ್ಬರೂ ಹೇಳುವುದಿಲ್ಲ. ಬೆಳಿಗ್ಗೆ ಚಿಕ್ಕವಳು ಅಂಗಡಿಯಲ್ಲಿದ್ದಾಗ ನಡುಮನೆಯ ಹಳೆಯ ಕಂಪ್ಯೂಟರಿನ ಮುಂದೆ ದೊಡ್ಡವಳು ಕೂರುತ್ತಿದ್ದಳು. ಮಧ್ಯಾಹ್ನ ದೊಡ್ಡವಳು ಅಡ್ಡಾದಾಗ ಚಿಕ್ಕವಳು. ಗುರುತು ಅದೇ ಒಂದು. ಬೆಳಿಗ್ಗೆ ಅಕ್ಕ ನಿಲ್ಲಿಸಿದ ಜಾಗದಿಂದ ಮಧ್ಯಾಹ್ನ ತಂಗಿ ಮುಂದಕ್ಕೆ ಹೊರಡುವುದು. ಹಾಗೆ ಹೊರಡುವಾಗ ಕಳ್ಳಿಯ ಚೀಲದಲ್ಲಿ ಹೊಸದೊಂದು ಮದ್ದಿನ ಸೀಸೆ ಇರುತ್ತಿತ್ತು. ಚಿಕ್ಕವಳಿಗೆ ಜ್ವರ ಬಂದ ವಾರ ಕಳ್ಳಿಯನ್ನು ಯಾರೋ ಛತ್ರದಲ್ಲಿ ಮಲಗಿಸಿ, ಉಳಿದವರನ್ನು ಬಾಗಿಲ ಹೊರಗೆ ಕಾಯಲು ನಿಲ್ಲಿಸಿದ್ದರು. ಅಕ್ಕನಿಗೆ ಸಿಟ್ಟು ಬಂದ ದಿನ ಅದೇ ಕಳ್ಳಿ ಎಲ್ಲರಿಗಿಂತ ಮುಂದೆ, ತೋಳಗಳ ಬಾಯಿಗೆ ಎದುರಾಗಿ ನಿಂತಿರುತ್ತಿದ್ದಳು. ಆಗ ಚಿಕ್ಕವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಬಯ್ದಳಲ್ಲ, ಬಯ್ಯುವಷ್ಟಾದರೂ ನಾನಿದ್ದೇನಲ್ಲ ಎಂದುಕೊಳ್ಳುತ್ತಿದ್ದಳು. ಇಡೀ ದಿನದಲ್ಲಿ ಅಕ್ಕ ಅವಳ ಕಡೆ ತಿರುಗುತ್ತಿದ್ದ ಜಾಗ ಅದೊಂದೇ. ಅದು ಹೋದರೆ ಮನೆಯಲ್ಲಿ ಉಳಿಯುವುದು ಗೋಡೆ, ಕಿಟಕಿ ಮಾತ್ರ ಎಂಬುದು ಅವಳಿಗೆ ತಿಳಿದಿತ್ತು.

ಕಳ್ಳಿಗೆ ಒಂದು ಜೊತೆ ಮೆತ್ತನೆಯ ಚಪ್ಪಲಿ ಇತ್ತು. ಹಾಕಿಕೊಂಡರೆ ಹೆಜ್ಜೆ ಸದ್ದಾಗುವುದಿಲ್ಲ. ಅಮ್ಮ ಇದ್ದಾಗ, ಮೂವರೂ ಸೇರಿ ಗುಹೆಗುಹೆ ಜಾಲಾಡಿ ಹುಡುಕಿದ್ದು. ಒಂದು ಮಧ್ಯಾಹ್ನ ಚಿಕ್ಕವಳು ತೆರೆದು ನೋಡಿದರೆ ಚಪ್ಪಲಿ ಇಲ್ಲ. ಹಳ್ಳಿಯ ಅಂಗಡಿಯವನಿಗೆ ಮಾರಿಯಾಗಿದೆ, ಅವನೂ ಅದನ್ನು ದಾಟಿಸಿಯಾಗಿದೆ. ಮುಂದೆ ನಿಲ್ಲಿಸಿದ್ದು ಸರಿ, ತೋಳಕ್ಕೆ ಕೊಟ್ಟದ್ದು ಸರಿ, ಇದು ಮಾತ್ರ ಹೊಟ್ಟೆಗೆ ಹಾಕಿಕೊಳ್ಳುವಂಥದ್ದಲ್ಲ. ಇಷ್ಟು ವರ್ಷಗಳ ಮೇಲೂ ಇವಳ ಎದೆಯ ಕಿಚ್ಚು ಆರಿಲ್ಲವಾ? ಹಲ್ಲು ಕಚ್ಚಿ ಮಾಟಗಾತಿಯ ಕೈಯಲ್ಲಿದ್ದ ಕೋಲನ್ನು ಬಿಡಿಸಿಕೊಂಡಳು. ಕೋಲಿಲ್ಲದಿದ್ದರೆ ಆ ಮಾಟಗಾತಿ ಒಂದು ಮೊಂಬತ್ತಿಯನ್ನೂ ಹೊತ್ತಿಸಲಾರಳು. ಅದನ್ನು ಕಪ್ಪು ನದಿಗೆ ಎಸೆದಳು. ಆ ನದಿಗೆ ಬಿದ್ದದ್ದು ಮೇಲೆ ಬರುವುದಿಲ್ಲ. ಗುರುತು ಉಳಿಸಿ ಎದ್ದುಬಂದಳು.

ಮರುದಿನ ಉತ್ತರ ಏನು ಬಂದಿರುತ್ತದೋ ಎಂದು ಅಂಗಡಿಯಲ್ಲಿ ಕೂತಲ್ಲೇ ಚಡಪಡಿಸಿದಳು. ಒಬ್ಬ ಗಿರಾಕಿಯ ಗುರುತಿನ ಚೀಟಿಯನ್ನು ತಲೆಕೆಳಗಾಗಿ ಲ್ಯಾಮಿನೇಶನ್ ಮಾಡಲು ಹೋಗಿದ್ದಳು. ಮಧ್ಯಾಹ್ನ ತೆರೆದರೆ ಉತ್ತರವೇ ಇಲ್ಲ. ಮಾಟಗಾತಿ ಬರಿಗೈಯಲ್ಲಿ ತೋಳಗಳ ಎದುರು ನಿಂತು ಸೋತಿದ್ದಳು. ಉಳಿದವರು ಅವಳನ್ನು ಹೊತ್ತು ಹೇಗೋ ಪಾರಾಗಿ ಛತ್ರದ ಮುಂಗೋಡೆಗೆ ಮುಖ ಮಾಡಿ ನಿಂತಿದ್ದರು. ಬಾಗಿಲು ಪಕ್ಕದಲ್ಲೇ ಇತ್ತು. ಅದರ ಮರುದಿನವೂ ಅದೇ ಗೋಡೆ, ಅದೇ ಮೂಲೆ.

ಚಿಕ್ಕವಳು ಪರದೆಗೆ ಇನ್ನೂ ಹತ್ತಿರ ಬಗ್ಗಿದಳು. ಆಗ ಗಾಜಿನ ಮೇಲೆ ಮಸುಕಾದ ಎಣ್ಣೆಯ ಗುರುತು ಕಂಡಿತು. ಅದರ ಕೆಳಗೆ ಇನ್ನೊಂದು, ಚಿಕ್ಕದು. ಹಣೆ ಒತ್ತಿದ ಗುರುತು, ಮೂಗಿನ ತುದಿ ತಾಕಿದ ಗುರುತು. ಅಕ್ಕ ಗಾಜಿಗೆ ಮುಖವನ್ನೇ ಆನಿಸಿ ಓದಲು ನೋಡಿದ್ದಾಳೆ. ಚಪ್ಪಲಿಯನ್ನು ಅವಳು ಬೇಕೆಂದು ಮಾರಿರಲಿಲ್ಲ, ಯಾವುದನ್ನು ಮಾರುತ್ತಿದ್ದೇನೆ ಎಂಬುದೇ ಅವಳಿಗೆ ಕಂಡಿರಲಿಲ್ಲ. ಕೋಲು ಹೋದದ್ದೂ ಕಂಡಿರಲಿಲ್ಲ. ಕುರುಡಾಗುತ್ತಿರುವವಳ ಕೈಯಿಂದ ಇವಳು ಕೋಲು ಕಿತ್ತುಕೊಂಡು ಎಸೆದಿದ್ದಳು.

ಆ ಗುರುತನ್ನು ಅವಳು ಒರೆಸಲಿಲ್ಲ. ಎದ್ದು ಅಂಗಡಿಯ ಬಾಗಿಲು ಎಳೆದು, ಅಣ್ಣನ ಮಗಳಿಗೆ ಫೋನು ಮಾಡಿದಳು.

‘ನಿಮ್ಮ ದೊಡ್ಡತ್ತೆಗೆ ಕಣ್ಣು ಕಾಣ್ತಿಲ್ಲ.’

‘ಅವರು ಹೇಳಿದ್ರಾ?’

‘ಅವಳು ಯಾರಿಗೆ ಹೇಳ್ತಾಳೆ. ನೀನು ಬಾ.’

ಕಣ್ಣಿನ ಡಾಕ್ಟರ ಕೋಣೆಯಲ್ಲಿ ದೊಡ್ಡವಳು ಗದ್ದವನ್ನು ಯಂತ್ರದ ಮೇಲಿಟ್ಟು ಕೂತಿದ್ದಳು. ಚಿಕ್ಕವಳು ಹೊರಗಿನ ಬೆಂಚಿನಲ್ಲಿದ್ದಳು. ಬಾಗಿಲು ಅರೆ ತೆರೆದಿತ್ತು. ಕಣ್ಣಿನೊಳಗಿನ ಒತ್ತಡ ಬಹಳ ದಿನದಿಂದ ಏರಿದೆ, ನರ ಒಣಗಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಉಳಿದ ಚೂರನ್ನು ಕಾಪಾಡಲು ಹನಿ ಬಿಡಬೇಕು. ‘ಇಷ್ಟು ದಿನ ಯಾಕೆ ಸುಮ್ಮನಿದ್ರಿ?’

‘ಮನೇಲಿ ಎಲ್ಲಾ ಎಲ್ಲಿದೆ ಅಂತ ಗೊತ್ತಿದೆ’ ಎಂದಳು ದೊಡ್ಡವಳು. ‘ನೋಡೋ ಅವಶ್ಯ ಬೀಳಲಿಲ್ಲ.’

ಅಂದಿನಿಂದ ಅವಳು ಕಂಪ್ಯೂಟರು ಮುಟ್ಟಲಿಲ್ಲ. ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು, ಕಪ್ಪು ಪರದೆಯ ಕಡೆ ಮುಖ ಮಾಡಿ, ಬೆರಳುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಆ ಬೆರಳುಗಳು ಆಗಾಗ ಏನನ್ನೋ ಹೊಡೆಯುತ್ತಿದ್ದವು. ಚಿಕ್ಕವಳು ಮಧ್ಯಾಹ್ನ ಒಬ್ಬಳೇ ಆಟ ತೆರೆದು ನೋಡಿದಳು. ಎಲ್ಲರೂ ನಿನ್ನೆ ನಿಂತಲ್ಲೇ ನಿಂತಿದ್ದರು. ಒಂದು ಹೆಜ್ಜೆ ಮುಂದಿಡಲು ಕೈ ಬರಲಿಲ್ಲ. ಮುಂದೆ ಹೋದರೆ ಅಕ್ಕ ಹಿಂದೆ ಉಳಿದುಬಿಡುತ್ತಾಳೆ, ಹೋಗದಿದ್ದರೆ ಇಬ್ಬರ ನಡುವೆ ಇದ್ದದ್ದೂ ಮುಗಿಯಿತು.

ಅವಳು ಹಲವು ದಿನ ಹೀಗೇ ಕಳೆದಳು. ಒಂದು ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಅಡುಗೆಮನೆಯ ಸ್ಟೂಲು ತಂದು ಅಕ್ಕನ ಕುರ್ಚಿಯ ಪಕ್ಕ ಹಾಕಿ ಕೂತಳು. ಕಂಪ್ಯೂಟರು ಹಚ್ಚಿದಳು. ಗಂಟಲು ಸರಿಮಾಡಿಕೊಂಡು, ಗಿರಾಕಿಯ ಹಾಳೆ ಓದುವ ದನಿಯಲ್ಲಿ, ಏರಿಳಿತವಿಲ್ಲದೆ ಶುರುಮಾಡಿದಳು.

‘ಛತ್ರದ ಮುಂದೆ ಇದ್ದೀರಿ. ಬಾಗಿಲಲ್ಲಿ ಕುಂಟ ಕಾವಲುಗಾರ. ಅವನು ಕೇಳ್ತಾನೆ, ಎಲ್ಲಿಂದ ಬಂದಿರಿ? ಒಂದು, ಬೆಟ್ಟದಿಂದ. ಎರಡು, ನದಿಯಿಂದ. ಮೂರು, ನಿನಗ್ಯಾಕೆ.’

ಚಿಕ್ಕವಳು ಮೌಸಿನ ಮೇಲೆ ಕೈಯಿಟ್ಟು ಕಾದಳು.

‘ಎರಡು’ ಎಂದಳು ದೊಡ್ಡವಳು.

ಚಿಕ್ಕವಳು ಎರಡು ಒತ್ತಿದಳು. ಅವಳಿಗೆ ಪರದೆ ಸ್ವಲ್ಪ ಹೊತ್ತು ಕಾಣಲಿಲ್ಲ.

‘ಯಾರ ಹತ್ರ ಏನಿದೆ’ ಎಂದು ದೊಡ್ಡವಳು ಗೋಡೆಗೆ ಕೇಳಿದಳು.

‘ಕುಳ್ಳ, ಕೊಡಲಿ. ಕಳ್ಳಿ, ಚಾಕು, ಬರಿಗಾಲು’ ಎಂದಳು ಚಿಕ್ಕವಳು. ‘ಮಾಟಗಾತಿ, ಬರಿಗೈ.’

‘ಹೂಂ’ ಎಂದಳು ದೊಡ್ಡವಳು. ಯಾಕೆ ಎಂದು ಕೇಳಲಿಲ್ಲ.

ಹೀಗೆ ಅದು ರೂಢಿಯಾಯಿತು. ಚಿಕ್ಕವಳು ಓದುವುದು, ದೊಡ್ಡವಳು ಒಂದು ಎರಡು ಮೂರು ಎನ್ನುವುದು. ಆಟದ ಹೊರಗೆ ಹಳೆಯ ಮೌನವೇ. ಭಾನುವಾರ ಬಂದ ಅಣ್ಣನ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

‘ಮಾತಾಡ್ತಿದೀರಾ ನೀವಿಬ್ರೂ?’

‘ಓದ್ತಿದೀನಿ’ ಎಂದಳು ಚಿಕ್ಕವಳು.

‘ಅವಳು ಓದ್ತಿದಾಳೆ’ ಎಂದಳು ದೊಡ್ಡವಳು, ಅಣ್ಣನ ಮಗಳಿಗೆ. ‘ಓದೋದೇನು ಮಾತಾ?’

‘ಸರಿ ಬಿಡಿ. ನನ್ನ ಅಂಚೆ ಕೆಲಸ ಉಳೀತು.’

ಪಯಣ ನಿಧಾನವಾಗಿ ಸಾಗಿತು. ಕೋಲಿಲ್ಲದ ಮಾಟಗಾತಿಯನ್ನು ನಡುವೆ ಇಟ್ಟುಕೊಂಡು, ಜಗಳವಾಗುವ ಕಡೆ ಸುತ್ತಿ ಬಳಸಿ, ಅವರು ಮುಳುಗಿದ ಕೋಟೆಯ ದಾರಿ ಹಿಡಿದರು. ನದಿಯ ದಡದಲ್ಲಿ ಕೊನೆಯ ಛತ್ರ. ಅದರ ಒಡತಿ ಒಬ್ಬ ಮುದುಕಿ. ಆಟದುದ್ದಕ್ಕೂ ಅವಳಿಗಿರುವುದು ಎರಡೇ ಮಾತು. ಇವತ್ತು ನೀರು ಏರಿದೆ, ಹೋಗಬೇಡಿ. ಕೋಣೆ ಖಾಲಿ ಇದೆ, ಬೇಕಾದರೆ ಉಳಿಯಿರಿ. ಅಷ್ಟೇ.

ಅಂದು ಚಿಕ್ಕವಳು ಮುದುಕಿಯ ಮುಖ ನೋಡಿದಳು. ಅಂಚೆಚೀಟಿಯಷ್ಟು ಮುಖ, ಬಿಳಿಯ ತಲೆವಸ್ತ್ರ. ಓದಲು ಬಾಯಿ ತೆರೆದಳು. ಬಂದದ್ದು ಬೇರೆ.

‘ಮುದುಕಿ ಹೇಳ್ತಾಳೆ, ಅವತ್ತು ನೀನು ಬರೋವರೆಗೆ ನಾನು ಕಾಯಬೇಕಿತ್ತು. ಕಾಯಲಿಲ್ಲ. ತಪ್ಪು ನನ್ನದು.’

ಇಷ್ಟು ವರ್ಷ ಕೈಬರಹ ಓದಿದವಳು ಎಂದೂ ಮಾಡದ ಕೆಲಸ. ಇನ್ನು ಉತ್ತರಗಳನ್ನಾದರೂ ಓದೋಣವೆಂದರೆ ಪರದೆಯ ಮೇಲಿದ್ದ ಉತ್ತರಗಳು ಆ ಮಾತಿಗೆ ಹೊಂದುವಂತಿರಲಿಲ್ಲ. ದೊಡ್ಡವಳ ಬೆರಳುಗಳು ತೊಡೆಯ ಮೇಲೆ ನಿಂತುಹೋಗಿದ್ದವು.

‘ಅಲ್ಲಿ ಹಾಗೆ ಬರೆದಿಲ್ಲ’ ಎಂದಳು.

ಚಿಕ್ಕವಳು ಮೌಸಿನಿಂದ ಕೈ ತೆಗೆದಳು.

‘ಇವತ್ತು ನೀರು ಏರಿದೆ, ಹೋಗಬೇಡಿ. ಒಂದು, ನಾವು ಹೋಗಲೇಬೇಕು. ಎರಡು, ಬೆಳಗಾಗೋವರೆಗೆ ಇರ್ತೀವಿ. ಮೂರು, ಏನೂ ಹೇಳದೆ ಹೊರಟುಹೋಗು.’ ದೊಡ್ಡವಳು ಒಂದೊಂದನ್ನೂ ಬಿಡಿಸಿ ಹೇಳಿದಳು, ಕಣ್ಣು ಮುಚ್ಚಿಕೊಂಡು. ‘ಅಷ್ಟೇ ಇರೋದು. ಇರೋದನ್ನ ಓದೋಕೆ ನಿನಗೇನು ಕಷ್ಟ?’

ಅವಳು ಗೋಡೆಗೆ ಹೇಳಿರಲಿಲ್ಲ, ಕಿಟಕಿಗೂ ಅಲ್ಲ. ‘ನಿನಗೆ’ ಎಂದಿದ್ದಳು. ಚಿಕ್ಕವಳಿಗೆ ಅದು ಬಯ್ಗುಳ ಎಂದು ಗೊತ್ತು, ಆದರೂ ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕೂತಳು.

‘ಎಷ್ಟು ಒತ್ತಲಿ?’ ಎಂದು ಕೊನೆಗೆ ಕೇಳಿದಳು.

‘ಒತ್ತಬೇಡ.’

ಪರದೆಯ ಮೇಲೆ ಮುದುಕಿ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು. ದೊಡ್ಡವಳು ಕುರ್ಚಿಯಲ್ಲಿ ನಿಧಾನವಾಗಿ ಹೊರಳಿ ತಂಗಿಯ ಕಡೆಗೆ ಮುಖ ತಿರುಗಿಸಿದಳು. ಆಸ್ಪತ್ರೆಯ ಓಣಿಯ ನಂತರ ಆ ಮುಖ ಇವಳಿಗೆ ಇಷ್ಟು ನೇರವಾಗಿ ಸಿಕ್ಕಿರಲಿಲ್ಲ. ವಯಸ್ಸಾಗಿತ್ತು. ಕೆನ್ನೆಯ ಮೇಲೆ ಹನಿ ಮದ್ದು ಇಳಿದು ಒಣಗಿದ ಗೆರೆಯಿತ್ತು. ಕಣ್ಣುಗಳು ಇವಳ ಭುಜದ ಆಚೆ ಎಲ್ಲೋ ನೆಟ್ಟಿದ್ದವು.

‘ತಪ್ಪು ಯಾರದ್ದು ಅಂತ ನಾನು ಕೇಳಿದ್ನಾ? ನಾನು ಅವತ್ತು ಕೇಳಿದ್ದು ಒಂದೇ ಮಾತು’ ಎಂದಳು ದೊಡ್ಡವಳು. ‘ಅದಕ್ಕೆ ನೀನು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಡಾಕ್ಟರು ಏನಂದ್ರು? ಸಂಜೆವರೆಗೆ ತಡೆಯೋಕೆ ಆಗ್ತಿತ್ತಾ, ಇಲ್ವಾ?’

ಇದಕ್ಕೆ ಎರಡೇ ಉತ್ತರಗಳಿದ್ದವು. ಆಗುತ್ತಿರಲಿಲ್ಲ ಎಂದರೆ ಅಕ್ಕ ನಂಬುತ್ತಾಳೆ. ನಂಬಿ, ನಾಳೆಯಿಂದ ಒಂದೇ ಹೊತ್ತಿಗೆ ಊಟಕ್ಕೂ ಕೂರಬಹುದು. ಆ ಸುಳ್ಳನ್ನು ಚಿಕ್ಕವಳು ಇಷ್ಟು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡೇ ಬಂದಿದ್ದಳು. ಈಗ ಹೊರಗೆ ತಳ್ಳಿದರೆ ಸಾಕಿತ್ತು. ಆದರೆ ಆ ಮುಖದ ಎದುರು, ಇವಳು ಏನು ಓದುತ್ತಾಳೋ ಅದನ್ನೇ ನೆಚ್ಚಿಕೊಳ್ಳಬೇಕಾದ ಮುಖದ ಎದುರು, ಇನ್ನೊಂದು ಇಲ್ಲದ ಸಾಲು ಸೇರಿಸಲು ಅವಳಿಂದ ಆಗಲಿಲ್ಲ. ಇದ್ದದ್ದನ್ನು ಕೂತು ಹೇಳಲೂ ಆಗಲಿಲ್ಲ. ಸ್ಟೂಲು ಹಿಂದಕ್ಕೆ ತಳ್ಳಿ ಎದ್ದಳು.

‘ಎಲ್ಲಿಗೆ?’ ಎಂದಳು ದೊಡ್ಡವಳು.

‘ಆಗ್ತಿತ್ತು ಅಕ್ಕ’ ಎಂದಳು ಚಿಕ್ಕವಳು. ಆಗಲೇ ಅವಳ ಬೆನ್ನು ಅಕ್ಕನ ಕಡೆಗಿತ್ತು. ಅಂಗಡಿಕೋಣೆಯ ಬಾಗಿಲ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದಳು, ‘ಸಂಜೆವರೆಗೆ ಏನು, ಎರಡು ದಿನ ತಡೀಬಹುದು ಅಂತಾನೇ ಅಂದಿದ್ರು, ಆದ್ರೆ ಅಮ್ಮ ಆ ಕೊಳವೆ ನೋಡಿ ನನ್ನ ಕೈ ಹಿಡ್ಕೊಂಡು, ಇದು ಬೇಡ ಅಂದ್ಲು, ಅಕ್ಕ ಬಂದಮೇಲೆ ಅವಳಿಗೆ ನೀನು—’